ಮಣವೆಂಬ ತೂಕಪದದ ಅರ್ಥವೂ ಮೂಲವೂ
(ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ತೋಟಗಾರರ ಉಪಯೋಗಾರ್ಥ)

ಈಗ ಪೇಟೆಯಲ್ಲಿ ಅಡಕೆಯ ಧಾರಣೆಯು ಕ್ವಿಂಟಲಿನ ಮೇಲೆ ನಡೆಯುವುದು. ಆದರೆ ಹಿರಿಯರ ಲೆಕ್ಕದ ಪುಸ್ತಕಗಳಲ್ಲಿಯೂ ಗೊಬ್ಬರದ ಹಳೆಯ ಸೂಚನೆಗಳಲ್ಲಿಯೂ ಮಣವೆಂಬ ಪದವು ಕಾಣಬರುವುದು. ಇದನ್ನು ಸರಿಯಾಗಿ ತಿಳಿಯದಿದ್ದರೆ ಲೆಕ್ಕವು ಮೂರು ಪಾಲು ತಪ್ಪುವ ಸಂಭವವುಂಟು.

1. ಮೂಲ.— ಈ ಪದವು ಬಹು ಪ್ರಾಚೀನವಾದುದು. ಬಾಬಿಲೋನಿನ ಪ್ರಾಂತದಲ್ಲಿ ‘ಮನೂ’ ಎಂಬುದು ಸುಮಾರು ಅರ್ಧ ಕಿಲೋಗ್ರಾಮಿನ ತೂಕವಾಗಿದ್ದಿತು. ಗ್ರೀಕರ ‘ಮ್ನಾ’, ಅರಬರ ‘ಮನ್ನ್’ ಇವು ಅದೇ ಕುಲದವು. ಋಗ್ವೇದದಲ್ಲಿ ಚಿನ್ನದ ಸಂಬಂಧವಾಗಿ ಬರುವ ‘ಮನಾ’ ಶಬ್ದವನ್ನೂ ವಿದ್ವಾಂಸರು ಇದರೊಡನೆ ಹೋಲಿಸಿರುವರು. ಇಂಗ್ಲಿಷರ ‘ಮಾಂಡ್’ ಪೋರ್ತುಗೀಸರ ಮೂಲಕ ಬಂದುದು. ನಮ್ಮ ಮಾತಿನಲ್ಲಿ ‘ಮಣಭಾರ’ವೆಂದರೆ ಬಹಳ ಭಾರವೆಂದಷ್ಟೇ ಅರ್ಥ.

2. ಭೇದಗಳು.— ಹೆಸರು ಒಂದೇ ಆದರೂ ತೂಕವು ಒಂದಲ್ಲ.

ಮದರಾಸಿನ ಮಣ: 25 ರಾತ್ತಲು, ಅಂದರೆ 11.34 ಕಿಲೋಗ್ರಾಮು.
ಮುಂಬಯಿಯ ಮಣ: 28 ರಾತ್ತಲು, ಅಂದರೆ 12.70 ಕಿಲೋಗ್ರಾಮು.
ಬಂಗಾಳದ ಅಥವಾ ರೈಲ್ವೆಯ ಮಣ: 40 ಸೇರು, ಸೇರಿಗೆ 80 ತೊಲ. ಒಟ್ಟು 37.32 ಕಿಲೋಗ್ರಾಮು.

ಇಪ್ಪತ್ತು ಮಣಕ್ಕೆ ಒಂದು ಖಂಡಿಯಾದುದರಿಂದ ಮದರಾಸಿನ ಖಂಡಿಯು 500 ರಾತ್ತಲು, ಮುಂಬಯಿಯದು 560 ರಾತ್ತಲು ಆಗುವುದು.

3. ಈ ಸೀಮೆಯ ಸಂಗತಿ.— ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಶಿರಸಿ, ಸಿದ್ದಾಪುರಗಳಿಗೆ ಮೈಸೂರು ಸಂಸ್ಥಾನವು ನೆರೆಯಾಗಿದ್ದಿತು. ಹೀಗೆ ಹಲವು ಸೀಮೆಗಳ ವ್ಯವಹಾರವು ಕೂಡುವ ಸ್ಥಳದಲ್ಲಿ ‘ಎಷ್ಟು ಮಣ’ ಎಂದು ಕೇಳಿದರೆ ಸಾಲದು. ‘ಯಾವ ಮಣ’ ಎಂದೂ ಕೇಳತಕ್ಕದ್ದು.

4. ಉದಾಹರಣೆ.— ಎಕರೆಗೆ 5 ಮಣ ಹಿಂಡಿಯನ್ನು ಹಾಕತಕ್ಕದ್ದೆಂದು ಹಳೆಯ ಕಾಗದದಲ್ಲಿ ಇದೆಯೆಂದು ಭಾವಿಸಿರಿ. ಮುಂಬಯಿಯ ಮಣವಾದರೆ ಅದು 63½ ಕಿಲೋಗ್ರಾಮು. ರೈಲ್ವೆಯ ಮಣವಾದರೆ ಸುಮಾರು 186½ ಕಿಲೋಗ್ರಾಮು. ಒಂದರಲ್ಲಿ ಗಿಡವು ಸೊರಗುವುದು, ಇಲ್ಲವೆ ಇನ್ನೊಂದರಲ್ಲಿ ಹಣವು ವ್ಯರ್ಥವಾಗುವುದು. ಆದುದರಿಂದ ಆ ಬರಹದಲ್ಲಿ ಮಣಕ್ಕೆ ಎಷ್ಟು ರಾತ್ತಲು ಅಥವಾ ಎಷ್ಟು ತೊಲ ಎಂಬುದು ಎಲ್ಲಿಯಾದರೂ ಹೇಳಲ್ಪಟ್ಟಿದೆಯೇ ಎಂದು ಮೊದಲು ನೋಡಿರಿ. ಖಂಡಿಯ ಲೆಕ್ಕವಿದ್ದರೆ ಅದನ್ನು ಇಪ್ಪತ್ತರಿಂದ ಭಾಗಿಸಿ ಪರೀಕ್ಷಿಸಿರಿ.

5. ಕ್ವಿಂಟಲ್.— ಲ್ಯಾಟಿನಿನಲ್ಲಿ ನೂರನ್ನು ಸೂಚಿಸುವ ‘ಸೆಂಟೆನೇರಿಯಸ್’ ಶಬ್ದವು ಅರಬರಲ್ಲಿ ‘ಕಿಂತಾರ್’ ಆಗಿ, ಅಲ್ಲಿಂದ ಯೂರೋಪಿಗೆ ತಿರುಗಿ ಬಂದು ಕ್ವಿಂಟಲ್ ಎನಿಸಿತು. 1956ರ ತೂಕ-ಅಳತೆಗಳ ಶಾಸನದ ಮೇರೆಗೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿಯು ಕ್ರಮವಾಗಿ ಜಾರಿಗೆ ಬಂದಿತು. ಈಗ ಕ್ವಿಂಟಲೆಂದರೆ ಎಲ್ಲೆಡೆಯೂ 100 ಕಿಲೋಗ್ರಾಮು. ಅದು ರೈಲ್ವೆಯ ಮಣದಲ್ಲಿ ಸುಮಾರು 2 ಮಣ 27 ಸೇರು. ಮುಂಬಯಿಯ ಮಣದಲ್ಲಿ 8ಕ್ಕೆ ಸ್ವಲ್ಪ ಕಡಿಮೆ.

ಹಳೆಯ ಧಾರಣೆಯನ್ನು ಇಂದಿನದರೊಡನೆ ಹೋಲಿಸುವ ಮುನ್ನ ತೋಟಗಾರರು ತೂಕವನ್ನು ಹೀಗೆ ಒಂದೇ ಅಳತೆಗೆ ತಂದುಕೊಳ್ಳಬೇಕು. ಹಿರಿಯರ ಪುಸ್ತಕದ ಮಣ ಯಾವುದೆಂದು ಗೊತ್ತಾದ ಕೂಡಲೆ ಅದರ ಮೊದಲ ಪುಟದಲ್ಲಿಯೇ ಬರೆದಿಡುವುದು ಉತ್ತಮ.