ಬೆಂಕಿ ಆರಿದ ಮೇಲೆ ಬರುವ ಕೆಸರು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಭೂಗೋಳ ಕಲಿಸಿದ ನಾನು ಒಂದು ಪಾಠವನ್ನೇ ಬರೆಯುತ್ತೇನೆ. ಹಳೆಯ ವಿದ್ಯಾರ್ಥಿಗಳು ಮತ್ತೊಮ್ಮೆ ಬೆಂಚಿನ ಮೇಲೆ ಕುಳಿತಂತೆ ಭಾವಿಸಿ ಓದಬೇಕಾಗಿ ವಿನಂತಿ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಎರೆಭೂಮಿಯು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣೆಂಬುದನ್ನು ನೀವು ಏಳನೆಯ ಇಯತ್ತೆಯಲ್ಲೇ ಕೇಳಿದ್ದೀರಿ. ಆ ಪಾಠದ ದಿನ ಮಕ್ಕಳ ಪ್ರಶ್ನೆಗಳೆಲ್ಲ ಬೆಂಕಿಯ ಕುರಿತೇ ಇರುತ್ತಿದ್ದವು. ಬೆಂಕಿ ಆರಿದ ಮೇಲೇನಾಗುವುದೆಂದು ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಉತ್ತರ ಫಿಲಿಪೈನ್ಸ್ ದೇಶದ ಪಿನಾಟುಬೊ ಪರ್ವತದಲ್ಲಿದೆ.

ಸುಮಾರು ಐನೂರು ವರ್ಷ ಮಲಗಿದ್ದ ಈ ಪರ್ವತವು 1991ರ ಜೂನ್ 15ರಂದು ಮಹಾಸ್ಫೋಟಗೊಂಡಿತು. ವಿಜ್ಞಾನಿಗಳು ಮೊದಲೇ ಎಚ್ಚರಿಸಿದ್ದರಿಂದ ಸಹಸ್ರಾರು ಜನರ ಪ್ರಾಣ ಉಳಿಯಿತು. ದುರ್ದೈವದಿಂದ ಅದೇ ದಿನ ಯುನ್ಯಾ ಎಂಬ ಚಂಡಮಾರುತವೂ ಆ ದ್ವೀಪವನ್ನು ಹಾಯ್ದಿತು. ಮಳೆಯಲ್ಲಿ ನೆನೆದು ಭಾರವಾದ ಬೂದಿಯು ಮನೆಗಳ ಮಾಡುಗಳನ್ನು ಕುಸಿಯುವಂತೆ ಮಾಡಿತು. ಅಂದು ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ಹೀಗೆಯೇ. ಪರ್ವತದ ಸುತ್ತಣ ಕಣಿವೆಗಳಲ್ಲಿ ಐದು ಘನ ಕಿಲೋಮೀಟರಿಗೂ ಮಿಕ್ಕಿ ಸುಡುಬೂದಿ, ಮರಳು, ಕಲ್ಲುಗಳು ತುಂಬಿಕೊಂಡವು. ಬೆಂಕಿ ನಿಂತಿತು. ಆದರೆ ಈ ರಾಶಿ ಇನ್ನೂ ಇಳಿದು ಬರಬೇಕಾಗಿತ್ತು.

ಅದನ್ನು ಇಳಿಸಿ ತರುವುದು ಮಳೆ. ಒಲೆಯ ನುಣುಪಾದ ಬೂದಿಯನ್ನು ತಟ್ಟೆಯಲ್ಲಿ ಹರಡಿ ನೀರು ಚಿಮುಕಿಸಿರಿ. ಬೂದಿಯ ಮೇಲೊಂದು ಹೆಪ್ಪು ಕಟ್ಟುತ್ತದೆ. ತಟ್ಟೆಯನ್ನು ಓರೆ ಮಾಡಿದರೆ ನೀರು ಇಂಗದೆ ಜಾರುತ್ತದೆ. ಪರ್ವತದ ಇಳಿಜಾರಿನಲ್ಲಿಯೂ ಇದೇ ನಡೆಯುತ್ತದೆ. ನೀರನ್ನು ಹಿಡಿದಿಡಬೇಕಾದ ಗಿಡಮರಗಳು ಸುಟ್ಟುಹೋಗಿರುತ್ತವೆ. ಜಾರಿದ ನೀರು ಹಳ್ಳ ಸೇರಿ, ದಂಡೆಯನ್ನು ಕೊರೆದು, ಸಡಿಲ ಬೂದಿ, ಮರಳುಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತ ಉಬ್ಬುತ್ತದೆ. ಆಮೇಲೆ ಅದು ನೀರಲ್ಲ, ಕಲಸಿದ ಕಾಂಕ್ರೀಟು. ಮನೆಯಷ್ಟು ದೊಡ್ಡ ಬಂಡೆಗಳನ್ನೂ ಹೊತ್ತು ತರುತ್ತದೆ. ಇದಕ್ಕೆ ಜಾವಾ ದ್ವೀಪದ ಮಾತಿನಿಂದ ಬಂದ 'ಲಾಹಾರ್' ಎಂಬ ಹೆಸರಿದೆ. ಪಿನಾಟುಬೊದಲ್ಲಿ ಬೂದಿಯ ರಾಶಿಯು ಒಳಗೊಳಗೆ ವರ್ಷಗಟ್ಟಲೆ ಬಿಸಿಯಾಗಿಯೇ ಇದ್ದುದರಿಂದ ಕೆಸರು ಹಬೆಯಾಡುತ್ತ ಹರಿಯಿತು.

ಲಾಹಾರಿಗೆಲ್ಲ ಮಳೆಯೇ ಕಾರಣವೆಂದು ತಿಳಿಯಬಾರದು. 1985ರ ನವೆಂಬರ್ 13ರಂದು ಕೊಲಂಬಿಯಾದ ಆರ್ಮೆರೊ ಪಟ್ಟಣವನ್ನು ಮುಳುಗಿಸಿ ಅಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಕೆಸರು, ಸ್ಫೋಟದ ಬಿಸಿಗೆ ಶಿಖರದ ಹಿಮ ಕರಗಿ ಬಂದದ್ದು. ಅದು ಸ್ಫೋಟವಾದ ರಾತ್ರಿಯೇ ಬಂದಿತು. ಮಳೆಯ ಲಾಹಾರಿಗೆ ಅಂಥ ಗಡುವಿಲ್ಲ. ಪ್ರತಿಯೊಂದು ಮಳೆಗಾಲವೂ ಅದರ ಗಡುವೇ. ಜನ ಮೋಸ ಹೋಗುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಪರ್ವತ ಶಾಂತವಾಗಿರುತ್ತದೆ, ಗದ್ದೆ ಹಸಿರಾಗಿರುತ್ತದೆ, ಮನೆ ಬಿಟ್ಟು ಹೊರಡಲು ಮನಸ್ಸಾದರೂ ಹೇಗೆ ಬಂದೀತು? ಇತ್ತ ವರ್ಷವರ್ಷವೂ ಕೆಸರು ತುಂಬಿ ನದಿಯ ಪಾತ್ರವು ಊರಿನ ನೆಲಕ್ಕಿಂತ ಮೇಲೇರುತ್ತಿರುತ್ತದೆ. ಹಾಗೆ ಏರಿದ ನದಿ ಯಾವ ಮಳೆಯಲ್ಲಿ ಯಾವ ಕಡೆಗೆ ಒಡೆದುಕೊಳ್ಳುವುದೆಂದು ಹೇಳುವುದು ಕಷ್ಟ.

ಬಾಕೊಲೊರ್ ಪಟ್ಟಣವು ಪಿನಾಟುಬೊದಿಂದ ಸುಮಾರು 35 ಕಿ.ಮೀ. ದೂರದಲ್ಲಿದೆ. ಸ್ಫೋಟದ ಬೆಂಕಿ ಅದನ್ನು ಮುಟ್ಟಿರಲಿಲ್ಲ. ನಾಲ್ಕು ವರ್ಷಗಳ ನಂತರ, 1995ರ ಅಕ್ಟೋಬರ್ 1ರಂದು, ಚಂಡಮಾರುತದ ಮಳೆಗೆ ಹೊರಟ ಲಾಹಾರ್ ಪಟ್ಟಣದ ಕಬಲಾಂಟಿಯನ್ ಎಂಬ ಭಾಗವನ್ನು ಮನೆಗಳ ಮಾಡಿನವರೆಗೂ ಹೂತಿತು. ಮಾಡು ಹತ್ತಿ ಕುಳಿತವರಲ್ಲಿಯೂ ಎಲ್ಲರೂ ಉಳಿಯಲಿಲ್ಲ. ಅದೇ ದೇಶದ ಮಾಯೋನ್ ಪರ್ವತದ ತಪ್ಪಲಿನಲ್ಲಿ 2006ರ ನವೆಂಬರ್ 30ರಂದು ಮತ್ತೊಂದು ಚಂಡಮಾರುತ ಇಂಥದೇ ಕೆಸರನ್ನು ಊರುಗಳ ಮೇಲೆ ತಂದಿತು. ಆ ವರ್ಷದ ಸ್ಫೋಟ ತೀರ ಸಣ್ಣದಾಗಿತ್ತು.

ಉಪಾಯವಿಲ್ಲವೆಂದಲ್ಲ. ಪಿನಾಟುಬೊದ ಮೇಲ್ಕಣಿವೆಗಳಲ್ಲಿ ಮಳೆಮಾಪಕಗಳನ್ನೂ, ಹರಿದು ಬರುವ ಕೆಸರಿನಿಂದ ನೆಲ ನಡುಗುವುದನ್ನು ಗುರುತಿಸಿ ರೇಡಿಯೋ ಮೂಲಕ ತಿಳಿಸುವ ಯಂತ್ರಗಳನ್ನೂ ಇಟ್ಟರು. ಆಯಕಟ್ಟಿನ ಸ್ಥಳಗಳಲ್ಲಿ ಮಳೆಯ ರಾತ್ರಿಗಳಲ್ಲಿಯೂ ಕಾವಲು ಕೂರಿಸಿದರು. ಕೆಳಗೆ ಮಹಾ ಒಡ್ಡನ್ನು ಕಟ್ಟಿದರು. ಆದರೆ ಯಂತ್ರ ಕೊಡುವುದು ಕೆಲವೇ ಹೊತ್ತಿನ ಅವಕಾಶ. ಅಷ್ಟರಲ್ಲಿ ನದೀತೀರ ಬಿಟ್ಟು ಎತ್ತರದ ನೆಲಕ್ಕೆ ನಡೆಯುವ ದಾರಿ ಮೊದಲೇ ಗೊತ್ತಿರಬೇಕು.

ಬಾಕೊಲೊರಿನ ಹಳೆಯ ಸಾನ್ ಗಿಲ್ಯೆರ್ಮೊ ಇಗರ್ಜಿಯು ಗೋಡೆಯ ಅರ್ಧದವರೆಗೆ ಹೂತುಹೋಯಿತು. ಊರವರು ಬಲಿಪೀಠವನ್ನು ಅಗೆದು ತೆಗೆದು ಹೊಸ ನೆಲದ ಮಟ್ಟಕ್ಕೆ ಏರಿಸಿ ಪೂಜೆ ಮುಂದುವರಿಸಿದರು. ಒಂದು ಕಾಲದ ಕಿಟಕಿಗಳೇ ಈಗ ಅಲ್ಲಿ ಬಾಗಿಲುಗಳಾಗಿವೆ.