ಕೊರಳಿನ ರಕ್ತನಾಳಗಳು: ಹೊರಗೆ ಕಾಣದ ಗಾಯ

(ಪ್ರೌಢಶಾಲಾ ವಿಜ್ಞಾನ – ರಕ್ತಪರಿಚಲನೆಗೆ ಪೂರಕ ಪಾಠ)

ಉದ್ದೇಶಗಳು

ಈ ಪಾಠದ ಕೊನೆಗೆ ವಿದ್ಯಾರ್ಥಿಗಳು ಕೊರಳಿನ ಅಪಧಮನಿಗಳ ಮಾರ್ಗವನ್ನು ಗುರುತಿಸುವರು. ಚರ್ಮ ಹರಿಯದೆಯೂ ಅವು ಗಾಯಗೊಳ್ಳುವ ಬಗೆಯನ್ನು ವಿವರಿಸುವರು. ಅಪಾಯದ ಲಕ್ಷಣಗಳನ್ನು ಅರಿತು ಹಿರಿಯರಿಗೆ ತಿಳಿಸಬಲ್ಲವರಾಗುವರು.

ವಿಷಯ ವಿವರಣೆ

ಮಿದುಳಿನ ತೂಕವು ದೇಹದ ತೂಕದಲ್ಲಿ ಸುಮಾರು ಶೇಕಡ 2 ಮಾತ್ರ. ಆದರೂ ವಿಶ್ರಾಂತಿಯ ಸ್ಥಿತಿಯಲ್ಲಿ ಹೃದಯವು ಹೊರದೂಡುವ ರಕ್ತದ ಸುಮಾರು ಶೇಕಡ 15ರಷ್ಟು ಅದಕ್ಕೆ ಸಲ್ಲುತ್ತದೆ. ಈ ರಕ್ತವು ನಾಲ್ಕು ಮುಖ್ಯ ನಾಳಗಳ ಮೂಲಕ ಕೊರಳನ್ನು ದಾಟಿ ಮೇಲೇರುತ್ತದೆ. ಗಂಟಲಿನ ಎರಡು ಪಕ್ಕಗಳಲ್ಲಿ ಕೆರೋಟಿಡ್ ಅಪಧಮನಿಗಳಿವೆ. ಹಿಂಬದಿಯಲ್ಲಿ, ಕತ್ತಿನ ಕಶೇರುಗಳ ಪಕ್ಕದ ರಂಧ್ರಗಳೊಳಗೆ ವರ್ಟಿಬ್ರಲ್ ಅಪಧಮನಿಗಳು ಸಾಗುತ್ತವೆ. ಈ ಮೂಳೆಯ ಗೂಡು ರಕ್ಷಣೆಯೂ ಹೌದು, ಬಂಧನವೂ ಹೌದು: ಕಶೇರು ಮುರಿದರೆ ಅಥವಾ ಜರುಗಿದರೆ ನಾಳಕ್ಕೆ ಸರಿದುಕೊಳ್ಳಲು ಎಡೆಯಿಲ್ಲ.

ಅಪಧಮನಿಯ ಗೋಡೆಗೆ ಮೂರು ಪದರಗಳಿವೆ. ಕತ್ತು ಹಠಾತ್ತನೆ ಹಿಂದಕ್ಕೆ ಬಾಗಿ ಹೊರಳಿದಾಗ ಕೆರೋಟಿಡ್ ನಾಳವು ಕಶೇರುಗಳ ಚಾಚುಗಳ ಮೇಲೆ ಎಳೆಯಲ್ಪಡುತ್ತದೆ. ಹೊರಪದರ ತಡೆದುಕೊಂಡರೂ ತೆಳುವಾದ ಒಳಪದರ ಸೀಳಬಹುದು. ಆ ಸೀಳಿನಿಂದ ರಕ್ತವು ಪದರಗಳ ನಡುವೆ ನುಗ್ಗಿ ನಾಳದ ದಾರಿಯನ್ನು ಕಿರಿದಾಗಿಸುತ್ತದೆ. ಸೀಳಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ತುಣುಕು ಕಳಚಿ ಮಿದುಳಿನ ನಾಳವನ್ನು ಮುಚ್ಚಿದರೆ ಪಾರ್ಶ್ವವಾಯು ಸಂಭವಿಸುತ್ತದೆ.

ವಾಹನಗಳ ಡಿಕ್ಕಿ, ಎತ್ತರದಿಂದ ಬೀಳುವುದು, ಸೈಕಲ್ಲಿನ ಹ್ಯಾಂಡಲ್ ಕೊರಳಿಗೆ ಬಡಿಯುವುದು, ಸೆರಗು ಅಥವಾ ದುಪಟ್ಟ ಚಕ್ರಕ್ಕೆ ಸಿಕ್ಕಿ ಕೊರಳನ್ನು ಬಿಗಿಯುವುದು ಇದಕ್ಕೆ ಕಾರಣವಾಗಬಲ್ಲವು. ನರ್ತಕಿ ಇಸಡೋರಾ ಡಂಕನ್ 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ, ಕೊರಳವಸ್ತ್ರವು ಕಾರಿನ ಚಕ್ರಕ್ಕೆ ಸುತ್ತಿಕೊಂಡು ಮೃತಪಟ್ಟರು.

ಪೆಟ್ಟು ಬಿದ್ದವರಲ್ಲಿ ಈ ಗಾಯವಾಗುವುದು ವಿರಳ. ಆದರೆ ಆದಾಗ ಅದು ಮೋಸಗೊಳಿಸುತ್ತದೆ. ಗಾಯಾಳು ಎದ್ದು ನಡೆದಾಡಿ ಮಾತನಾಡುತ್ತಿರಬಹುದು. ಲಕ್ಷಣಗಳು ಕೆಲವು ಗಂಟೆಗಳ, ಒಮ್ಮೊಮ್ಮೆ ಕೆಲವು ದಿನಗಳ ಬಳಿಕ ತೋರಬಹುದು. ಈ ನಡುವಣ ಕಾಲವೇ ಚಿಕಿತ್ಸೆಗೆ ದೊರೆಯುವ ಅವಕಾಶ. ಸಿ.ಟಿ. ಆಂಜಿಯೋಗ್ರಫಿಯಿಂದ ಗಾಯವನ್ನು ಪತ್ತೆಹಚ್ಚಿ, ಹೆಪ್ಪು ತಡೆಯುವ ಔಷಧಿ ಕೊಟ್ಟರೆ ಪಾರ್ಶ್ವವಾಯುವಿನ ಸಂಭವ ಬಹಳಷ್ಟು ತಗ್ಗುತ್ತದೆ. ದೇಹದ ಬೇರೆಡೆ ರಕ್ತಸ್ರಾವವಿದ್ದರೆ ಇದೇ ಔಷಧಿ ಅಪಾಯಕರ. ಆದುದರಿಂದ ನಿರ್ಧಾರ ವೈದ್ಯರದೇ.

ಅಪಾಯದ ಲಕ್ಷಣಗಳು

ಕತ್ತಿನ ಒಂದು ಪಕ್ಕದಲ್ಲಿ ಹೊಸದಾಗಿ ತೋರಿದ ತೀವ್ರ ನೋವು ಅಥವಾ ಊತ, ತಲೆನೋವು, ಒಂದು ರೆಪ್ಪೆ ಜೋಲುವುದು, ಮುಖ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನ ಬಲ ಕುಂದುವುದು, ಮಾತು ತೊದಲುವುದು, ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುವುದು.

ಚಟುವಟಿಕೆ

ಒಳ ಅಸ್ತರು ಹರಿದ ಹಳೆಯ ಕೋಟೊಂದನ್ನು ತರಗತಿಗೆ ತರಬೇಕು. ವಿದ್ಯಾರ್ಥಿಯೊಬ್ಬನು ತೋಳಿಗೆ ಕೈ ತೂರಿಸುವಾಗ ಕೈ ಹರಿದೆಡೆಯಲ್ಲಿ ನುಗ್ಗಿ ಅಸ್ತರು ಮತ್ತು ಬಟ್ಟೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಕೋಟು ಸರಿಯಾಗಿಯೇ ಕಾಣುತ್ತದೆ. ಕೈಯನ್ನು ರಕ್ತಕ್ಕೂ ತೋಳನ್ನು ನಾಳಕ್ಕೂ ಹೋಲಿಸಿ ಚರ್ಚಿಸಬೇಕು. ಕೊರಳಿನ ನಾಡಿಮಿಡಿತವನ್ನು ಪರೀಕ್ಷಿಸುವಾಗ ಒಂದೇ ಪಕ್ಕದಲ್ಲಿ ಎರಡು ಬೆರಳುಗಳನ್ನು ಹಗುರವಾಗಿ ಇಡಬೇಕು; ಎರಡು ಪಕ್ಕಗಳನ್ನೂ ಒಟ್ಟಿಗೆ ಒತ್ತಲಾಗದು.

ಶಿಕ್ಷಕರ ಗಮನಕ್ಕೆ

ಆಟದ ಬಯಲಿನಲ್ಲಿ ಕತ್ತಿಗೆ ಬಲವಾದ ಪೆಟ್ಟಾದ ಮಗುವನ್ನು ಎಬ್ಬಿಸಿ ಕೂರಿಸುವುದು, ಕತ್ತು ನೀವುವುದು, ನೆಟಿಗೆ ತೆಗೆಯುವುದು ಸಲ್ಲದು. ತಲೆ ಮತ್ತು ಕತ್ತು ಅಲುಗದಂತೆ ನೋಡಿಕೊಂಡು 108 ಅಥವಾ 112ಕ್ಕೆ ಕರೆಮಾಡಬೇಕು.

ಗಡಿನಾಡಿನ ಮಗು ತನ್ನ ಬಾಧೆಯನ್ನು ಕನ್ನಡದಲ್ಲಿ ಹೇಳುತ್ತದೆ. ಆಸ್ಪತ್ರೆಯಲ್ಲಿ ಕೇಳುವವರ ಭಾಷೆ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಆಗಿರಬಹುದು. "ಜೋಮು ಹಿಡಿದಿದೆ" ಎಂಬ ಮಾತು ಅನುವಾದದಲ್ಲಿ ಬರಿಯ "ನೋವು" ಎಂದಾದರೆ ಮುಖ್ಯ ಸುಳಿವೇ ಕಳೆದುಹೋಗುತ್ತದೆ. ಪೆಟ್ಟು ಬಿದ್ದ ಬಗೆ, ಬಿದ್ದ ಹೊತ್ತು, ಮೊದಲ ಲಕ್ಷಣ ತೋರಿದ ಹೊತ್ತು, ಮಗು ಆಡಿದ ಮಾತು – ಈ ನಾಲ್ಕನ್ನು ರಾಜ್ಯಭಾಷೆಯಲ್ಲಿ ಬರೆದು ಮಗುವಿನೊಡನೆ ಕಳುಹಿಸಬೇಕು.

ಅಭ್ಯಾಸ

1. ಎಡ ಕೆರೋಟಿಡ್ ನಾಳದ ಹೆಪ್ಪಿನಿಂದ ದೇಹದ ಬಲಭಾಗ ದುರ್ಬಲವಾಗುವುದೇಕೆ?
2. ಹೊರಗೆ ರಕ್ತ ಕಾಣದಿದ್ದರೂ ನಾಳಕ್ಕೆ ಗಾಯವಾಗಿರಬಹುದು. ಸಮರ್ಥಿಸಿ.
3. "ಜೋಮು", "ತಲೆಸುತ್ತು", "ತೊದಲು" – ಇವುಗಳಿಗೆ ನಿಮ್ಮ ರಾಜ್ಯಭಾಷೆಯ ಪದಗಳನ್ನು ಬರೆಯಿರಿ.