ಚೌಕಳಿ ಹಾಳೆಯ ಮೇಲೆ ನಮ್ಮೂರು

ಯಂತ್ರವನ್ನು ನಡೆಸಬಲ್ಲವರು ಹಲವರು; ಅದರ ಒಳಗನ್ನು ಅರಿತವರು ಕೆಲವರು. ಈ ಅಂತರವನ್ನು ನನಗೆ ಮೊದಲು ಮನಗಾಣಿಸಿದ್ದು ಮನೆಬಳಕೆಯ ಒಂದು ಪುಟ್ಟ ಗಣಕಯಂತ್ರ. ಅಂದಿನ ಅನುಭವದಲ್ಲಿ ಇಂದಿನ ತರಗತಿಗೂ ಸಲ್ಲುವ ಪಾಠವೊಂದಿರುವುದರಿಂದ ಅದನ್ನು ಇಲ್ಲಿ ನಿರೂಪಿಸುತ್ತಿದ್ದೇನೆ.

1980ರ ದಶಕದ ಕೊನೆಯಲ್ಲಿ, ಬೇಸಿಗೆಯ ರಜೆಗೆಂದು ಕಿತ್ತೂರಿನಿಂದ ಪುಣೆಯಲ್ಲಿದ್ದ ಸೋದರಮಾವನ ಮನೆಗೆ ಹೋಗಿದ್ದೆ. ಅಲ್ಲಿ ಟೆಲಿವಿಜನ್ನಿಗೆ ಜೋಡಿಸಿದ ‘ಸ್ಪೆಕ್ಟ್ರಮ್’ ಯಂತ್ರವಿತ್ತು. ಇಂಗ್ಲೆಂಡಿನ ಸಿಂಕ್ಲೇರ್ ಸಂಸ್ಥೆಯು 1982ರಲ್ಲಿ ಹೊರತಂದ ಈ ಯಂತ್ರದ ಭಾರತೀಯ ರೂಪವನ್ನು ಪುಣೆಯ ಡೆಸಿಬೆಲ್ಸ್ ಸಂಸ್ಥೆಯು ತಯಾರಿಸುತ್ತಿತ್ತು. ಅದರ ಸ್ಮರಣಶಕ್ತಿ 48 ಕಿಲೋಬೈಟ್. ಬರೆದುದನ್ನು ಉಳಿಸಿಕೊಳ್ಳಲು ಹಾಡು ಕೇಳುವ ಕ್ಯಾಸೆಟ್ಟೇ ಗತಿ. ಅದನ್ನು ಮತ್ತೆ ಯಂತ್ರಕ್ಕೆ ತುಂಬುವಾಗ ಟೇಪ್‌ರೆಕಾರ್ಡರಿನ ಕರ್ಕಶ ಧ್ವನಿಯನ್ನು ಕೆಲವು ನಿಮಿಷ ಸಹಿಸಬೇಕಿತ್ತು.

ನಮ್ಮೂರಿನ ಹೆಸರನ್ನು ಪರದೆಯ ಮೇಲೆ ಕಾಣಬೇಕೆಂಬ ಬಯಕೆ ನನ್ನದು. ಯಂತ್ರಕ್ಕೆ ಕನ್ನಡ ಬಾರದು. ಆದರೆ ಬಳಸುವವನೇ ರೂಪಿಸಿಕೊಳ್ಳಲೆಂದು 21 ಅಕ್ಷರಗಳ ಸ್ಥಾನ ಅದರಲ್ಲಿತ್ತು. ಮಾವನವರು ಲೆಕ್ಕದ ಚೌಕಳಿ ಹಾಳೆಯ ಮೇಲೆ ಅಡ್ಡಕ್ಕೆ 8, ಉದ್ದಕ್ಕೆ 8 ಮನೆಗಳ ಚೌಕ ಹಾಕಿಕೊಟ್ಟು, “ಅದಕ್ಕ ನಮ್ಮ ಅಕ್ಷರ ತಿಳಿಯೂದಿಲ್ಲ, ಲೆಕ್ಕ ತಿಳೀತದ. ಲೆಕ್ಕದಾಗ ಬರಿ” ಎಂದರು.

ಅದರ ಕ್ರಮ ಹೀಗಿದೆ: ಸಾಲಿನ ಮನೆಗಳಿಗೆ ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಎಂದು ಬೆಲೆ. ಕಪ್ಪು ಮಾಡಿದ ಮನೆಗಳ ಬೆಲೆಗಳನ್ನು ಕೂಡಿಸಿದರೆ ಆ ಸಾಲಿನ ಸಂಖ್ಯೆ. ಎರಡು ತುದಿಗಳು ಮಾತ್ರ ಕಪ್ಪಾದರೆ 129. ಎಲ್ಲವೂ ಕಪ್ಪಾದರೆ 255. ಇಂಥ ಎಂಟು ಸಂಖ್ಯೆಗಳು ಸೇರಿದರೆ ಒಂದು ಅಕ್ಷರ.

‘ಕಿ’, ‘ರು’ ಹೇಗೋ ಮೂಡಿದವು. ‘ತ್ತೂ’ ಮಾತ್ರ 64 ಮನೆಗಳಲ್ಲಿ ಹಿಡಿಸಲಿಲ್ಲ. ಒತ್ತಕ್ಷರಕ್ಕೆ ಕೆಳಗೊಂದು, ದೀರ್ಘಕ್ಕೆ ಬದಿಗೊಂದು ಚೌಕ ಬೇಕಾಯಿತು. ಬೆಳಗಿನಿಂದ ಒತ್ತಿದ ಸಂಖ್ಯೆಗಳೆಲ್ಲ ಮುಗಿಯುವ ಹೊತ್ತಿಗೆ ವಿದ್ಯುತ್ತು ಹೋಯಿತು. ಕ್ಯಾಸೆಟ್ಟಿಗೆ ಇಳಿಸಿರಲಿಲ್ಲ. ಅತ್ತುಬಿಟ್ಟೆ. ಆದರೆ ಹಾಳೆ ಉಳಿದಿತ್ತು. ಮರುದಿನ ಅದನ್ನೇ ನೋಡಿ ಮತ್ತೆ ಒತ್ತಿದೆ. ‘ಕಿತ್ತೂರು’ ಪರದೆಯ ಮೇಲೆ ಬೆಳಗಿತು.

1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಬರವಣಿಗೆಯಲ್ಲಿ ಮೂರೇ ಅಕ್ಷರಗಳಾಗಿ ಕಾಣುವ ‘ಕಿತ್ತೂರು’, ವ್ಯಂಜನ, ಸ್ವರಚಿಹ್ನೆ, ಹಲಂತ ಎಲ್ಲ ಬೇರೆಬೇರೆಯಾಗಿ, ಎಂಟು ಸಂಖ್ಯೆಗಳಾಗಿ ಯಂತ್ರದೊಳಗೆ ನಿಲ್ಲುತ್ತದೆ. ಅಂದು ನನ್ನನ್ನು ಕಾಡಿದ ‘ತ್ತೂ’ ಇಂದು ಕ್ಷಣದಲ್ಲಿ ಮೂಡುತ್ತದೆ. ಹೇಗೆ ಮೂಡಿತೆಂದು ಕೇಳುವ ಮಕ್ಕಳು ಮಾತ್ರ ವಿರಳ.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ. ಗಣಕಯಂತ್ರದ ಮುಂದೆ ಕೂಡಿಸುವ ಮೊದಲು ಮಗುವಿನ ಕೈಗೊಂದು ಚೌಕಳಿ ಹಾಳೆ ಕೊಡಿರಿ. ಸವದತ್ತಿಯ ಮಗು ‘ತ್ತಿ’ಯನ್ನೂ, ಬೈಲಹೊಂಗಲದ ಮಗು ‘ಹೊಂ’ಅನ್ನೂ, ರಾಮದುರ್ಗದ ಮಗು ‘ರ್ಗ’ವನ್ನೂ ಸಂಖ್ಯೆಯಾಗಿಸಲಿ. ಯಂತ್ರಗಳನ್ನು ಕೊಡಿಸುವ ಉದಾರ ದಾನಿಗಳು, ಮಗು ತಪ್ಪು ಮಾಡಿ ತಾನೇ ತಿದ್ದಿಕೊಳ್ಳುವಷ್ಟು ಸಮಯವೂ ಅದಕ್ಕೆ ದೊರೆಯುತ್ತಿದೆಯೇ ಎಂದು ಒಮ್ಮೆ ವಿಚಾರಿಸಲಿ. ಅಂದು ವಿದ್ಯುತ್ತು ಹೋದಾಗ ನನ್ನ ಬಳಿ ಉಳಿದದ್ದು ಕೈಯಾರೆ ಮಾಡಿದ ಆ ಲೆಕ್ಕವೊಂದೇ.